ಸದ್ದಿಲ್ಲದ ಫ್ಯಾನು

"ಕತ್ತೆ ಕಾಯೋಕ್ಕೂ ಲಾಯಕ್ಕಿಲ್ಲದವನನ್ನ ತಂದು ಟ್ರಾನ್ಸ್‌ಮಿಟರ್ ಕಾಯೋಕೆ ಬಿಟ್ವಲ್ಲ, ನಮಗೆ ಬುದ್ಧಿ ಇಲ್ಲ!"

ಎಂಜಿನಿಯರ್ ಸಾಹೇಬರ ಮಾತು, ಹೊಗೆ ಹೋಗಲೆಂದು ತೆರೆದಿಟ್ಟಿದ್ದ ಟ್ರಾನ್ಸ್‌ಮಿಟರ್ ಕೋಣೆಯ ಬಾಗಿಲನ್ನು ದಾಟಿ, ಪಕ್ಕದ ಸ್ಟುಡಿಯೋದಲ್ಲಿ, ರೇಡಿಯೋದ ಸುದ್ದಿ ಓದುವ ಅಕ್ಕನ ಬೀಳ್ಕೊಡುಗೆಗೆ ಸೇರಿದ್ದ ಅಷ್ಟೂ ಜನರ ಕಿವಿಗೆ ಬಿತ್ತು. ಟ್ರಾನ್ಸ್‌ಮಿಟರನ್ನು ತಣ್ಣಗಿಡುತ್ತಿದ್ದ ಹಳೇ ಫ್ಯಾನ್ ಇದ್ದಿದ್ದರೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಅದರ ಗಿರಣಿಯಂಥ ಗದ್ದಲಕ್ಕೆ ಆ ಕೋಣೆಯಲ್ಲಿ ಬಾಯಿಗೆ ಕೆಲಸವೇ ಇರಲಿಲ್ಲ, ಎಲ್ಲಾ ಕೈಸನ್ನೆ. ಹೆಬ್ಬೆರಳೆತ್ತಿದರೆ ಶುರು ಮಾಡು, ಅಂಗೈ ಅಡ್ಡ ಹಿಡಿದರೆ ನಿಲ್ಲಿಸು, ಕಿವಿಯ ಹತ್ತಿರ ಬೆರಳಾಡಿಸಿದರೆ 'ಕೇಳಿಸ್ತಿಲ್ಲ'.

ಹೊಸ ಫ್ಯಾನಿನದು ಬೆಕ್ಕಿನ ಹೆಜ್ಜೆ. ಟ್ರಾನ್ಸ್‌ಮಿಟರ್ ಕಾದು ಸುಟ್ಟು ಕರಕಲಾದ ಮೇಲೂ, ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ತಣ್ಣಗೆ ತಿರುಗುತ್ತಿತ್ತು. ಅಕ್ಕನ ಕೊನೆಯ ಕಾರ್ಯಕ್ರಮ ಅರ್ಧಕ್ಕೇ ನಿಂತಿತ್ತು. ಊರಿನ ರೇಡಿಯೋಗಳೆಲ್ಲ ಬರೀ ಬುಸುಗುಟ್ಟುತ್ತಿದ್ದವು.

"ಬಯಲಲ್ಲಿ ಹುಲಿ, ಕೊಳವೇಲಿ ಇಲಿ, ಇದೂ ಒಂದು ಫ್ಯಾನಾ? ಆ ಜಾಲರಿ ದಾಟಿಸಿ, ಇಕ್ಕಟ್ಟಲ್ಲಿ ಗಾಳಿ ನೂಕೋ ತಾಕತ್ತು ಇದೆಯಾ ಅಂತ ನೋಡಬೇಕೋ ಬೇಡ್ವೋ? ಯಾರು ಹೇಳಿದ್ರೋ ಇದನ್ನ ತಗೋ ಅಂತ?"

ಯಾವ ಯಂತ್ರ ಸಡಿಲಾದರೂ ಓಡಿಬರುತ್ತಿದ್ದ ಮೆಕ್ಯಾನಿಕ್‌ಗೆ ಎಲ್ಲರೂ ಬೋಲ್ಟ ಎನ್ನುತ್ತಿದ್ದರು. ಬೋಲ್ಟ ಅಕ್ಕನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದೇ ಅಕ್ಕನಿಗೆ ಚುಚ್ಚಿತು.

ಹೇಳಿದ್ದು ಅಕ್ಕನೇ. ಸ್ಟುಡಿಯೋಗೂ ಹಳೇ ಫ್ಯಾನಿಗೂ ನಡುವೆ ಇದ್ದದ್ದು ತೆಳು ಗೋಡೆ. ಆ ಗದ್ದಲದ ಮೇಲೆ ದನಿ ಏರಿಸಿ ಏರಿಸಿ ಗಂಟಲು ಸವೆದುಹೋಗಿತ್ತು. "ಹೋಗೋ ಮುಂಚೆ ಒಂದೆರಡು ದಿನ ಆದ್ರೂ ಮನುಷ್ಯರ ಹಾಗೆ ಮಾತಾಡ್ತೀನಿ ಕಣೋ" ಎಂದು ಅವನ ಜೊತೆ ತಾವೇ ಅಂಗಡಿಗೆ ಹೋಗಿದ್ದರು. ಅಂಗಡಿಯವನು ಮೇಜಿನ ಮೇಲೆ ಒಂದಾದ ಮೇಲೊಂದು ಫ್ಯಾನ್ ಓಡಿಸಿ ತೋರಿಸಿದ. ಬೋಲ್ಟ ಗುಂಯ್ ಎನ್ನುವ ಕಪ್ಪು ಫ್ಯಾನಿಗೆ ಕೈ ಹಾಕಿದ. ಅಕ್ಕ ಮಾತ್ರ ಕಣ್ಣು ಮುಚ್ಚಿ, ಹಾಡುವವರನ್ನು ಪರೀಕ್ಷೆ ಮಾಡುವಂತೆ ಒಂದೊಂದಕ್ಕೂ ಕಿವಿಗೊಟ್ಟು, "ಇದೇ" ಎಂದರು.

"ಅಕ್ಕಾ, ಇದು ಹೊರಗೆ ಚೆನ್ನಾಗಿ ಬೀಸುತ್ತೆ. ಕೊಳವೆ ಒಳಗೆ ದಮ್ಮು ಸಾಲಲ್ವೇನೋ."

"ಇಷ್ಟು ವರ್ಷ ಕಿವೀಲೇ ಬದುಕಿದೋಳು ನಾನು, ನನಗೇ ಹೇಳ್ತೀಯಾ? ಸಾಹೇಬರ ಹತ್ರ ಮಾತ್ರ ನನ್ನ ಹೆಸರು ಎತ್ತಬೇಡ. ಅಡ್ಡಗಾಲು ಹಾಕ್ತಾರೆ."

"ಆಯ್ತು ಬಿಡಿ. ಕಿವಿ ನಿಮ್ಮದು, ತಲೆ ನನ್ನದು" ಎಂದು ಅವನು ನಕ್ಕಿದ್ದ.

ಈಗ ಆ ತಲೆ ತಗ್ಗಿತ್ತು.

"ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ದೀಯಾ? ಯಾರು ಹೇಳಿದ್ದು?"

"ಯಾರೂ ಇಲ್ಲ ಸಾರ್. ನಾನೇ ಆರಿಸಿದ್ದು."

"ಹಂಗಾದ್ರೆ ನಾಳೆಯಿಂದ ಈ ಕಡೆ ತಲೆ ಹಾಕಬೇಡ."

ಎಲ್ಲರೂ ಅಕ್ಕನನ್ನೇ ನೋಡುತ್ತಿದ್ದರು, ಅಯ್ಯೋ ಪಾಪ, ಕೊನೇ ದಿನ ಹೀಗಾಯಿತಲ್ಲ ಎನ್ನುವ ಕಣ್ಣುಗಳಿಂದ. ಅಕ್ಕ ಕೈಯಲ್ಲಿದ್ದ ಹೂಗುಚ್ಛವನ್ನು ಎದೆಗೆ ಒತ್ತಿಕೊಂಡು ಬಾಯಿ ತೆರೆದರು. ದಿನಾ ಇಡೀ ಊರಿಗೆ ಸುದ್ದಿ ಹೇಳುತ್ತಿದ್ದ ಬಾಯಿ. ಅದು ಹೇಳಿದ್ದು ಇಷ್ಟೇ: "ಹೋಗಲಿ ಬಿಡಿ ಸಾರ್. ಪಾಪ, ಅವನಿಗೇನು ಗೊತ್ತಾಗುತ್ತೆ."

ಬೋಲ್ಟ ಆಗ ಮೊದಲ ಸಲ ಅವರನ್ನು ನೋಡಿದ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮೇಜಿನ ಮೇಲಿಟ್ಟು ಹೊರಟ.

ಅಕ್ಕ ಹೂಗುಚ್ಛವನ್ನು ಯಾರ ಕೈಗೋ ತುರುಕಿ ಅವನ ಹಿಂದೆಯೇ ಕಾರಿಡಾರಿಗೆ ಓಡಿದರು. ಒಮ್ಮೆ ತಿರುಗಿ ಬಾಗಿಲ ಕಡೆ ನೋಡಿ, ಒಳಗಿದ್ದವರಿಗೆ ಕೇಳಿಸದಷ್ಟು ಮೆಲ್ಲಗೆ ಕರೆದರು.

"ಲೋ, ನಿಲ್ಲೋ... ಆರಿಸಿದ್ದು ನಾನೇ ಅಂತ ಹೇಳ್ತೀನಿ ಕಣೋ. ಒಳಗೆ ಹೋಗಿ ಈಗ್ಲೇ ಹೇಳ್ತೀನಿ. ಕೇಳಿಸ್ತಾ?"

ಕಾರಿಡಾರಿನಲ್ಲಿ ಅವನ ಚಪ್ಪಲಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅವನು ತಿರುಗಲಿಲ್ಲ. ನಡೆಯುತ್ತ ನಡೆಯುತ್ತಲೇ ಒಂದು ಕೈ ಎತ್ತಿ, ಕಿವಿಯ ಹತ್ತಿರ ಬೆರಳಾಡಿಸಿದ.