ಮುಂದಿನ ಮಗ ಬರಲಿ

"ಮುಂದಿನ ಮಗ ಬರಲಿ!" ಪರದೆಯ ಹಿಂದಿನಿಂದ ಅಷಿಲ್ ಬೊರ್ಗಾರ್ ಗುಡುಗಿದ.

ಹೊಸ ವರ್ಷದ ಬೆಳಿಗ್ಗೆ. ಮಾಂಟ್ರಿಯಲ್ ಹಿಮ ಹೊದ್ದು ಮಲಗಿದ್ದರೆ, ರೇಡಿಯೋ ಕೇಂದ್ರದ ಓಣಿಯಲ್ಲಿ ಮಾತ್ರ ಗಂಡಸರ ಸಾಲು. ಅಷಿಲ್ ಬರೆದ ಧಾರಾವಾಹಿಯಲ್ಲಿ ಅವತ್ತು ಸಂಜೆ ಹಿರಿಮಗ ಮೊಣಕಾಲೂರಿ ತಂದೆಯ ಆಶೀರ್ವಾದ ಬೇಡಬೇಕು. ತಂದೆಯ ಪಾತ್ರ ಅಷಿಲ್‌ನದೇ. ಮಗನಾಗಬೇಕಿದ್ದ ನಟ ಹಬ್ಬದೂಟದಲ್ಲಿ ಹಂದಿಮಾಂಸದ ಕಡುಬನ್ನು ಮಿತಿಮೀರಿ ತಿಂದು ಹಾಸಿಗೆ ಹಿಡಿದಿದ್ದ. ಬದಲಿ ಬೇಕೆಂದು ರೇಡಿಯೋದಲ್ಲಿ ಸಾರಿದ್ದೇ ತಡ, ಊರಿಗೆ ಊರೇ ಮಗನಾಗಲು ಎದ್ದು ಬಂದಿತ್ತು.

ರೇಡಿಯೋ ನಟನಿಗೆ ಮುಖ ಯಾಕೆ? ಅಷಿಲ್ ಪರದೆ ಇಳಿಬಿಟ್ಟು ದನಿಯನ್ನಷ್ಟೇ ಕೇಳುತ್ತಿದ್ದ. ಪತ್ರಿಕೆಗೆ ನಾಟಕ ವಿಮರ್ಶೆ ಬರೆಯುವವನೂ ಅವನೇ ಆದ್ದರಿಂದ ಯಾರೂ ಅಷ್ಟು ಸುಲಭಕ್ಕೆ ಮಗನಾಗುವಂತಿರಲಿಲ್ಲ.

ಅವನ ಜೀವವೆಲ್ಲ ಮನೆಯಲ್ಲಿತ್ತು. ನಿಜವಾದ ಹಿರಿಮಗ ಫಾಬಿಯಾಂ ಮೊದಲ ಸಲ ರಂಗ ಹತ್ತಿದಾಗ, 'ಈತನಿಗಿಂತ ಮರದ ಕೊರಡು ವಾಸಿ' ಎಂದು ಬರೆದುಬಿಟ್ಟಿದ್ದ ಅಷಿಲ್. ಮರುದಿನವೇ ಹುಡುಗ ಉತ್ತರದ ಕಾಡಿಗೆ ಮರ ಕಡಿಯಲು ಹೋದ. ಅದಾಗಿ ಮೂರು ವರ್ಷ. ಹೊಸ ವರ್ಷದ ಆಶೀರ್ವಾದವನ್ನು ಮಗನೇ ಬಂದು ಕೇಳಬೇಕು. ಕರೆದು ಕೊಡುವ ತಂದೆ ಆ ಸೀಮೆಯಲ್ಲೇ ಇಲ್ಲ. ಈ ಸಲ ಮಗ ಮಧ್ಯಾಹ್ನದ ಊಟಕ್ಕೆ ಬರುತ್ತಾನೆಂದು ಹೆಂಡತಿ ಅಲ್ದೆಯಾ ಹೇಳಿದ್ದಳು.

ಪರದೆಯಾಚೆ ಯಾರೋ ಬಿಕ್ಕಿದರು. "ಅಪ್ಪಾ, ನಿಮ್ಮ ಕೈ ನನ್ನ ತಲೆ ಮೇಲಿಡಿ..."

ಫಾಬಿಯಾಂನೇ! ಅಷಿಲ್ ನುಗ್ಗಿ ಪರದೆ ಸರಿಸಿದ. ಅರವತ್ತು ದಾಟಿದ ಮೀನಂಗಡಿಯವನೊಬ್ಬ ಮೊಣಕಾಲೂರಿದವನು ಏಳಲಾರದೆ ಒದ್ದಾಡುತ್ತಿದ್ದ.

"ನಿಮಗಿಂತ ನಾನೇ ದೊಡ್ಡೋನು, ಆದ್ರೂ ಅಪ್ಪಾ ಅಂದೆ ನೋಡಿ! ಕೆಲ್ಸ ಸಿಗುತ್ತಾ?"

ನಾಟಕಕ್ಕೆ ಬಾಗಿಲು, ಗಾಳಿ, ಕುದುರೆಗಳ ಸದ್ದು ಮಾಡುವ ಜೊಸಫಾ ಮುದುಕನನ್ನು ಎತ್ತಿ ನಿಲ್ಲಿಸಿದ. "ಯಜಮಾನ್ರೇ, ಇನ್ನೊಂದ್ಸಲ ಪರದೆ ಮುಟ್ಟಿದ್ರೆ ನಿಮ್ ಕೈ ಕಟ್ಟಿ ಹಾಕ್ತೀನಿ."

ಕೊನೆಯವನ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಬರೆದುಕೊಟ್ಟ ಮಾತು ಒಂದನ್ನೂ ಆಡಲಿಲ್ಲ.

"ಅಪ್ಪಾ... ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಸಿಟ್ಟೆಲ್ಲ ಹೋಗಿದೆ. ಆಶೀರ್ವಾದ ಮಾಡಿ."

"ಇದೇನ್ರೀ ಮಾತು?" ಅಷಿಲ್ ರೇಗಿದ. "ಅಪ್ಪನ ಹತ್ರ ಮಗ ಹೀಗ್ ಮಾತಾಡ್ತಾನಾ? ಒಂದು ಬಿಕ್ಕು ಬೇಡ್ವಾ, ಒಂದು ನಡುಕ ಬೇಡ್ವಾ?"

"ನಂಗೆ ಇಷ್ಟೇ ಬರೋದು."

"ಹಾಗಾದ್ರೆ ನೀವು ಯಾರ ಮಗನೂ ಆಗೋಕೆ ಲಾಯಕ್ಕಿಲ್ಲ. ಹೊರಡಿ!"

ಬೂಟಿನ ಸದ್ದು ದೂರವಾಯಿತು.

"ಪಾಪ, ಅಳ್ತಾ ಹೋದ," ಎಂದ ಜೊಸಫಾ.

"ಈಗ ಅತ್ರೆ ಏನ್ ಬಂತು? ಮೈಕಿನ ಮುಂದೆ ಅಳ್ಬೇಕಿತ್ತು."

ಕೆಲಸ ಮೀನಂಗಡಿಯವನಿಗೇ ಸಿಕ್ಕಿತು. ಅಷಿಲ್ ಹಿಮದಲ್ಲಿ ಜಾರುತ್ತ, ಏಳುತ್ತ ಮನೆಗೆ ಓಡಿದ. ದಾರಿಯುದ್ದಕ್ಕೂ ಬಲಗೈಯನ್ನು ಕೋಟಿನೊಳಗೆ ಬೆಚ್ಚಗಿಟ್ಟುಕೊಂಡಿದ್ದ; ಮಗನ ತಲೆಯ ಮೇಲಿಡುವ ಕೈ ತಣ್ಣಗಿರಬಾರದು.

ಬಾಗಿಲು ತೆರೆದ ಅಲ್ದೆಯಾ ಅವನ ಬೆನ್ನ ಹಿಂದೆ ಇಣುಕಿದಳು.

"ಏನ್ರೀ, ಒಬ್ರೇ ಬಂದ್ರಾ? ಊಟದ ತನಕ ಕಾಯೋಕಾಗಲ್ಲ, ಅಲ್ಲೇ ಹೋಗಿ ಆಶೀರ್ವಾದ ಕೇಳ್ತೀನಿ ಅಂತ, ನೀವ್ ಹೋದ್ಮೇಲೆ ಬಂದ ಫಾಬಿಯಾಂ ಆ ನೆಗಡೀಲೇ ನಿಮ್ಮ ರೇಡಿಯೋ ಕೇಂದ್ರಕ್ಕೆ ಓಡ್ದನಲ್ಲ!"