ಲೋಟದ ಮೇಲಿನ ಎರಡು ಗೆರೆ

ಸತ್ತವರ ಲೋಟವನ್ನು ತೊಳೆಯದೆ ಇಟ್ಟು, ಹನ್ನೊಂದನೆಯ ದಿನ ಓದಿಸುವುದು ನಮ್ಮೂರಿನ ವಾಡಿಕೆ. ಕೊನೆಯ ಗುಟುಕಿನ ಗುರುತು ಲೋಹದ ಮೇಲೆ ಪರಮಾಣುಗಳ ಒಂದು ಗೆರೆಯಾಗಿ ಉಳಿದಿರುತ್ತದೆ. ನನ್ನ ಯಂತ್ರದ ಸೂಜಿ ಅದನ್ನು ಮುಟ್ಟದೆಯೇ ಹುಡುಕಿ ಪರದೆಯ ಮೇಲೆ ತೋರಿಸುತ್ತದೆ.

ಇವತ್ತು ಬಂದದ್ದು ನನಗೆ ಈ ಕಸುಬು ಕಲಿಸಿದ ರುದ್ರಯ್ಯನವರ ಲೋಟ. ತಂದವರು ಅವರ ಹೆಂಡತಿ ಚೆಲುವಮ್ಮ. ಪರದೆಯಲ್ಲಿ ಅಕ್ಕಪಕ್ಕ ಎರಡು ಗೆರೆ ಮೂಡಿದವು.

“ಒಂದು ಅವರ್ದು, ಒಂದು ನಂದು,” ಎಂದು ಚೆಲುವಮ್ಮ ಕಣ್ಣೊರೆಸಿಕೊಂಡರು.

ನಾನು ಯಂತ್ರದ ಸೂಜಿಯತ್ತ ನೋಡಿದೆ. ಸೂಜಿಯ ತುದಿ ಸೀಳಿದ್ದರೆ ಒಂದೇ ಗೆರೆ ಎರಡಾಗಿ ಕಾಣುತ್ತದೆ. ಬೆಳಿಗ್ಗೆ ಪರೀಕ್ಷಿಸಲು ಮರೆತಿದ್ದೆ.

“ಅಮ್ಮಾ, ಸೂಜಿ ಬದಲಾಯಿಸಿ ಇನ್ನೊಂದ್ಸಲ ನೋಡ್ತೀನಿ,” ಎಂದೆ.

“ಬ್ಯಾಡ ಕಣವ್ವ. ಸೂಜಿ ಸೀಳೈತೆ, ಗೊತ್ತು. ಮೂವತ್ತು ವರ್ಷ ಅವರ ಜೊತೆ ಬಾಳಿದೋಳಿಗೆ ಅಷ್ಟೂ ತಿಳಿಯಲ್ವಾ? ನಂಗೆ ಈ ಎರಡು ಗೆರೆ ಚಿತ್ರಾನೇ ಕೊಡು.”