ದಂಡ ಬೀಳದ ಮೂಲೆ

ಮೇಕೆ ಮತ್ತೆ ಮೂಲೆಗೆ ಹೋಗಿ ನಿಂತುಕೊಂಡಿತು. ಹಾಲೇಶ ಲ್ಯಾಪ್‌ಟಾಪಿಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಮಕ್ಕಳ ಆಟ ತಯಾರಿಸುವ ಒಂದು ಕಂಪನಿಗೆ ಅವನು ಶಿವನಿ ಊರಿನ ತನ್ನ ಮನೆಯಲ್ಲಿ ಕೂತೇ ಕೆಲಸ ಮಾಡುತ್ತಿದ್ದ. ಆಟದೊಳಗಿನ ಮೇಕೆ ತಾನಾಗಿ ದಾರಿ ಕಲಿತು, ಬೇಲಿಗಳನ್ನು ತಪ್ಪಿಸಿಕೊಂಡು ಹೋಗಿ ಹುಲ್ಲು ಮೇಯಬೇಕು. ಅದಕ್ಕೆ ಆಟ ನಡೆಸುವ ಗೇಮ್ ಎಂಜಿನ್‌ಗೆ ಕಲಿಕೆಯ ಮಷಿನ್ ಲರ್ನಿಂಗ್ ಟೂಲ್ ಜೋಡಿಸಬೇಕಿತ್ತು. ಜೋಡಿಸುವುದೇ ಒಂದು ರಾಮಾಯಣವಾಯಿತು. ಎಂಜಿನ್ ಹೊಸದು, ಟೂಲ್ ಕೇಳುವ ಪೈಥಾನ್ ಪ್ರೋಗ್ರಾಂ ಭಾಷೆಯ ಆವೃತ್ತಿ ಹಳೆಯದು. ಎರಡಕ್ಕೂ ಎಣ್ಣೆ ಸೀಗೇಕಾಯಿ. ಒಂದನ್ನು ತೆಗೆದು ಇನ್ನೊಂದನ್ನು ಹಾಕಿ, ಅಂತೂ ಎರಡೂ ಹೊಂದಿಕೊಂಡವು ಅನ್ನುವಾಗ ಈ ಮೇಕೆ ಹಟಕ್ಕೆ ಬಿದ್ದಿತ್ತು.

ತಂಗಿ ಭುವನಾ ಕಾಫಿ ತಂದಿಟ್ಟವಳು ಹೋಗದೆ ಬಾಗಿಲಲ್ಲೇ ನಿಂತಳು. ತರೀಕೆರೆಯ ಗಂಡನ ಮನೆಯಿಂದ ಅವಳು ಒಂದು ದಿನ ಹೇಳದೆ ಕೇಳದೆ ಬಂದುಬಿಟ್ಟಿದ್ದಳು. ಅಲ್ಲಿ ಹೊಡೆತ ಬಡಿತ ಅನ್ನುವಂಥದ್ದೇನೂ ಇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು, ಕಮ್ಮಿಯಾಯಿತು. ನೆಂಟರ ಮುಂದೆ ನಕ್ಕಳು, ನಗಲಿಲ್ಲ. ಎಲ್ಲಕ್ಕೂ ಒಂದೊಂದು ಮಾತು. ಇಷ್ಟಕ್ಕೆಲ್ಲ ಯಾರಾದರೂ ತವರಿಗೆ ಬರುತ್ತಾರಾ ಅಂತ ಅವ್ವ ದುರ್ಗಮ್ಮ ದಿನಾ ಗೊಣಗುತ್ತಿದ್ದಳು. ಹೊಂದಿಕೊಂಡು ಹೋಗೋದು ಕಲಿ ಅಂತ ಹಾಲೇಶನೂ ಗದರಿದ್ದ. ಫೋನ್ ಮಾಡಿ ಗಂಡನ ಕಡೆಯವರನ್ನು ರಾಜಿಗೆ ಕರೆಸಿದವನೂ ಅವನೇ. ಅವರು ಅವತ್ತು ಮಧ್ಯಾಹ್ನ ಬರುವವರಿದ್ದರು.

"ಅದ್ಯಾಕಣ್ಣ ಅಲ್ಲೇ ನಿಂತೈತೆ? ಹುಲ್ಲು ಆ ಕಡೆ ಐತಲ್ಲ."

ಅವಳು ತಾನಾಗಿ ಬಾಯಿ ಬಿಟ್ಟಿದ್ದೇ ಅಪರೂಪ. ಹಾಲೇಶ ಖುಷಿಯಿಂದಲೇ ವಿವರಿಸಿದ. ಇದಕ್ಕೆ ಯಾರೂ ಪಾಠ ಹೇಳಿಕೊಡುವುದಿಲ್ಲ. ಹುಲ್ಲು ಮುಟ್ಟಿದರೆ ಬಹುಮಾನ, ಬೇಲಿಗೆ ತಗುಲಿದರೆ ದಂಡ, ಅಷ್ಟೇ. ಸಾವಿರಾರು ಸಲ ಬಿಟ್ಟು ಬಿಟ್ಟು ಆಡಿಸಿದರೆ ತನಗೆ ಯಾವುದು ಒಳ್ಳೆಯದು ಅಂತ ತಾನೇ ಕಂಡುಕೊಳ್ಳುತ್ತದೆ. ಬೇಗ ಕಲಿಯಲಿ ಅಂತ ಅವನು ದಂಡವನ್ನು ಜೋರಾಗಿಯೇ ಇಟ್ಟಿದ್ದ. ಮೇಕೆ ಹೋದ ಕಡೆಯೆಲ್ಲ ಬೇಲಿಗೆ ತಗುಲಿತು, ದಂಡ ತಿಂದಿತು. ಹುಲ್ಲಿನ ತನಕ ಒಂದು ಸಲವೂ ಹೋಗಲಿಲ್ಲ. ಅಲ್ಲಾಡದೆ ನಿಂತರೆ ದಂಡವೇ ಬೀಳುವುದಿಲ್ಲ ಅನ್ನುವುದೊಂದು ಮಾತ್ರ ಅದಕ್ಕೆ ಚೆನ್ನಾಗಿ ಮನದಟ್ಟಾಯಿತು.

"ಈಗ ನೋಡು" ಎಂದು ಅವನು ಹುಲ್ಲನ್ನು ಎಳೆದು ತಂದು ಮೇಕೆಯ ಮೂತಿಯ ಮುಂದೆಯೇ ಇಟ್ಟ. ದಂಡವನ್ನೂ ಪೂರ್ತಿ ತೆಗೆದುಹಾಕಿದ. ಮೇಕೆ ಅಲ್ಲಾಡಲಿಲ್ಲ.

"ದಂಡ ತೆಗ್ದಿದ್ದು ಅದಕ್ಕೆ ಗೊತ್ತಿಲ್ವಾ?"

"ಒಂದ್ ಹೆಜ್ಜೆ ಇಟ್ರೆ ತಾನೆ ಗೊತ್ತಾಗೋದು? ಇದು ಇಡಲ್ಲ ಕಣೇ. ಕಲ್ತಿದ್ದನ್ನೆಲ್ಲ ಅಳಿಸಿ ಮೊದಲಿಂದ ಶುರು ಮಾಡ್ಬೇಕು."

"ಪಾಪ" ಅಂದಳು ಭುವನಾ. ಕಾಫಿ ಆರುತ್ತದೆ ಕುಡಿ ಅಂತ ಹೇಳಿ ಒಳಗೆ ಹೋದಳು. ಹಾಲೇಶ ಲೋಟ ಎತ್ತಿಕೊಂಡ. ಅಡುಗೆಮನೆಯಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಳು; ಒಂದು ತಟ್ಟೆಯೂ ಸದ್ದು ಮಾಡಲಿಲ್ಲ. ಇದೇ ಮನೆಯಲ್ಲಿ ಸೂರು ಹಾರಿಹೋಗುವ ಹಾಗೆ ನಗುತ್ತಿದ್ದವಳು, ಅವ್ವನ ಮಾತಿಗೆ ಎದುರು ಮಾತು ಆಡಿ ಓಡುತ್ತಿದ್ದವಳು. ಅದು ಯಾವಾಗ ನಿಂತಿತು ಅನ್ನುವುದು ಅವನಿಗೆ ನೆನಪಾಗಲಿಲ್ಲ.

ಮಧ್ಯಾಹ್ನ ತರೀಕೆರೆಯ ಕಾರು ಬಂತು. ಭುವನಾಳ ಗಂಡ ಯೋಗಾನಂದ, ಜೊತೆಗೆ ಅವನ ದೊಡ್ಡಪ್ಪ ಗುರುಮೂರ್ತಿ. ಊಟವಾಯಿತು, ಎಲೆ ಅಡಿಕೆಯಾಯಿತು. ಒಂದು ಸಂಸಾರ ಅಂದಮೇಲೆ ಮಾತು ಬರುತ್ತದೆ ಹೋಗುತ್ತದೆ, ಯಾರದೂ ತಪ್ಪಿಲ್ಲ ಅಂತ ಎಲ್ಲರೂ ಒಪ್ಪಿಕೊಂಡರು. ಕೊನೆಗೆ ಗುರುಮೂರ್ತಿ ಅವಳನ್ನು ಕರೆದು, ಹೊರಡುತ್ತೀಯೇನಮ್ಮಾ ಅಂತ ಕೇಳಿದರು. ಅವಳು ತಲೆ ಬಗ್ಗಿಸಿ ಹೂಂ ಅಂದಳು.

"ನೋಡಿದ್ರಾ ದುರ್ಗಮ್ಮಾರೇ, ಹುಡುಗಿ ಬುದ್ಧಿ ಕಲ್ತವಳೆ" ಎಂದು ಅವರು ಸಮಾಧಾನದಿಂದ ಎದ್ದರು.

ಆ ಮಾತಿಗೆ ಹಾಲೇಶನಿಗೆ ಮೂಲೆಯಲ್ಲಿ ನಿಂತ ಮೇಕೆ ನೆನಪಾಯಿತು. ದುರ್ಗಮ್ಮ ಮಗಳಿಗೆ ಕುಂಕುಮ ಇಟ್ಟು, ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಮಡಲಕ್ಕಿ ಕಟ್ಟಿದಳು. ಯೋಗಾನಂದ ಬ್ಯಾಗನ್ನು ಡಿಕ್ಕಿಯಲ್ಲಿಟ್ಟ. ಏನು ಮಾಡುತ್ತಿದ್ದೇನೆ ಅಂತ ಯೋಚಿಸುವ ಮೊದಲೇ ಹಾಲೇಶ ಹೋಗಿ ಆ ಬ್ಯಾಗನ್ನು ಹೊರಗೆ ತೆಗೆದಿದ್ದ.

"ಅವಳು ಬರಲ್ಲ. ಇಲ್ಲೇ ಇರ್ತಾಳೆ."

ಯೋಗಾನಂದನ ಮುಖ ಗಂಟಾಯಿತು. ನೀನೇ ಕರೆಸಿ ನೀನೇ ಹಿಂಗಂದ್ರೆ ಹೆಂಗಪ್ಪಾ ಅಂತ ಗುರುಮೂರ್ತಿ ಕೇಳಿದ್ದು ನ್ಯಾಯವಾಗಿಯೇ ಇತ್ತು. ಮಡಲಕ್ಕಿ ಕಟ್ಟಿದ ಮೇಲೆ ತಡೆಯುವುದು ಅಪಶಕುನ ಅಂತ ದುರ್ಗಮ್ಮ ಬಾಯಿ ಬಡಿದುಕೊಂಡಳು. ಹಾಲೇಶ ಬ್ಯಾಗನ್ನು ಬಿಡಲಿಲ್ಲ. ತಂಗಿಯ ಕಡೆ ತಿರುಗಿ, ಒಳಗೆ ನಡಿ ಅಂದ. ನಾಲ್ಕು ಹೆಜ್ಜೆ ಇಟ್ಟರೆ ಹೊಸಿಲು.

ಭುವನಾ ಕಾರಿನ ಬಾಗಿಲು ಬಿಟ್ಟು ಕದಲಲಿಲ್ಲ.

"ಬ್ಯಾಡಣ್ಣ, ಬ್ಯಾಗು ಕಾರಲ್ಲಿಟ್ಬಿಡು. ಬೈತಾರೆ."

"ಯಾರು ಬೈತಾರೆ?"

ಅವಳು ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಗಂಡನ ಕಡೆ ನೋಡಿದಳು, ದೊಡ್ಡಮಾವನ ಕಡೆ ನೋಡಿದಳು, ಅವ್ವನ ಕಡೆ ನೋಡಿದಳು. ಕಡೆಗೆ ಅವಳ ಕಣ್ಣು, ಹೊಂದಿಕೊಂಡು ಹೋಗೋದು ಕಲಿ ಅಂತ ಗದರಿದ್ದ ಹಾಲೇಶನ ಮೇಲೆ ಬಂದು ನಿಂತಿತು.